ಬಲೆಚೀಲ ಅಡಗಿಸಿಟ್ಟ ಮಳೆಗಾಲ

ಬ್ಲೀಚ್ ಹಾಕಿ ಬೇಯಿಸಿದ ಬಟ್ಟೆಯ ವಾಸನೆ ಬಂದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಬೇರೆಯವರಿಗೆ ಅದು ಕ್ಲೀನ್ ವಾಸನೆ. ನನಗಲ್ಲ.

ಕಳೆದ ವಾರ ಅಮ್ಮನ ಕಣ್ಣು ತೋರಿಸಲು ಫಳ್ನೀರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಅಮ್ಮನನ್ನು ಒಳಗೆ ಕರೆದರು. ನಾನು ಬೆಂಚಿನಲ್ಲಿ ಕೂತೆ. ಒಬ್ಬ ಇಸ್ತ್ರಿಯಾದ ಬೆಡ್‌ಶೀಟುಗಳ ಗಾಡಿ ತಳ್ಳಿಕೊಂಡು ಹೋದ. ಬಟ್ಟೆಯ ಬಿಸಿ ಇನ್ನೂ ಆರಿರಲಿಲ್ಲ. ಅದೇ ವಾಸನೆ. ಎದ್ದು ಹೊರಗೆ ಹೋಗೋಣ ಎನ್ನುವಾಗ ಹಿಂದಿನಿಂದ ಯಾರೋ ಕರೆದರು.

"ಯತೀಶ ಅಲ್ವಾ ನೀನು?"

ತಿರುಗಿ ನೋಡಿದೆ. ಗುರುತು ಸಿಗಲಿಲ್ಲ. ವಯಸ್ಸಾದ ಹೆಂಗಸು, ತಲೆಕೂದಲನ್ನು ಗಂಡಸರ ಹಾಗೆ ಗಿಡ್ಡ ಕತ್ತರಿಸಿದ್ದಾರೆ. ಎಡಗೈಯಲ್ಲಿ ಫೈಲು. ನಕ್ಕಾಗ ಮುಂದಿನ ಹಲ್ಲುಗಳ ಸಂದಿ ಕಂಡಿತು, ಆಗ ಗೊತ್ತಾಯಿತು. ಗುಲಾಬಿಯಕ್ಕ. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವರು. ಆಗ ಅವರಿಗೆ ಸೊಂಟದವರೆಗೆ ಕೂದಲಿತ್ತು.

ಅವರು ಏನೋ ಮಾತಾಡುತ್ತಿದ್ದರು. ನಾನು ಅವರ ತಲೆಯನ್ನೇ ನೋಡುತ್ತಿದ್ದೆ. ಆ ಮಳೆಗಾಲ ಪೂರ್ತಿ ನೆನಪಾಯಿತು.

ಆಸ್ಪತ್ರೆ ಅತ್ತಾವರದ ಕಡೆ. ಹೆಸರು ಬೇಡ. ಎದುರಿನಿಂದ ನೋಡಿದರೆ ಗಾಜು, ಗ್ರಾನೈಟು. ಲಾಂಡ್ರಿ ಹಿಂದೆ, ಜನರೇಟರ್ ಪಕ್ಕದ ತಗ್ಗಿನಲ್ಲಿ. ಮಳೆ ಜೋರಾದರೆ ಚರಂಡಿಯ ನೀರು ಒಳಗೇ ಬರುತ್ತಿತ್ತು. ಮೇಲೆ ಬಾಯ್ಲರಿನ ಹಬೆ, ಕೆಳಗೆ ಕೊಳಕು ನೀರು, ನಡುವೆ ನಾವು. ರೋಗಿಗಳ ರಕ್ತ, ವಾಂತಿ, ಕೀವು ಎಲ್ಲ ಹತ್ತಿದ ಬಟ್ಟೆ ಅಲ್ಲಿಗೆ ಬರುತ್ತದೆ. ಅದು ನನಗೆ ಹೇಸಿಗೆ ಆಗಲಿಲ್ಲ. ಒಂದು ವಾರದಲ್ಲಿ ಅಭ್ಯಾಸವಾಯಿತು. ಹೇಸಿಗೆ ಬೇರೆಯದ್ದು. ಅದನ್ನೇ ಹೇಳುತ್ತಿದ್ದೇನೆ.

ನಾನು ಎಂಟನೇ ಕ್ಲಾಸು ಫೇಲು. ನಮ್ಮದು ಮೀನು ಹಿಡಿಯುವ ಮನೆ. ಅಪ್ಪ ಬಂದರಿನ ಧಕ್ಕೆಯಿಂದ ಟ್ರಾಲ್ ಬೋಟಿಗೆ ಹೋಗುವವರು. ನನಗೆ ಬೋಟಿನಲ್ಲಿ ವಾಂತಿ ಬರುತ್ತದೆ. ಮೂರು ಸಲ ಹೋದೆ, ಮೂರು ಸಲವೂ ಸತ್ತು ಬಂದ ಹಾಗೆ ಬಂದೆ. ಹಾಗಾಗಿ ಇಪ್ಪತ್ತೆರಡನೇ ವಯಸ್ಸಿನಲ್ಲಿ ಲಾಂಡ್ರಿ ಸೇರಿದ್ದು.

ಅಲ್ಲಿ ನನ್ನ ಕೆಲಸ ಮೆಷಿನ್ನಿಗೆ ಬಟ್ಟೆ ತುಂಬುವುದು, ತೆಗೆಯುವುದು. ದೊಡ್ಡ ಮೆಷಿನ್ನು ಬೆಡ್‌ಶೀಟುಗಳನ್ನು ತಿರುಗಿಸಿ ತಿರುಗಿಸಿ ಒಂದಕ್ಕೊಂದು ಹೊಸೆದುಬಿಡುತ್ತದೆ. ಹೊರಗೆ ಬರುವಾಗ ತೊಡೆಯಷ್ಟು ದಪ್ಪದ ಒದ್ದೆ ಹಗ್ಗ. ನಾವು ಅದಕ್ಕೆ ಹಾವು ಎನ್ನುತ್ತಿದ್ದೆವು. ಇಬ್ಬರು ಹೆಂಗಸರು ಎದುರೆದುರು ನಿಂತು ಆ ಹಾವನ್ನು ಜಗ್ಗಿ, ಜಾಡಿಸಿ, ಒಂದೊಂದೇ ಶೀಟು ಬಿಡಿಸಬೇಕು. ತಲೆಗಿಂತ ಮೇಲೆ ಕೈ ಎತ್ತಿ ಕೊಡವಬೇಕು. ಆಮೇಲೆ ಇಸ್ತ್ರಿಯ ರೋಲರಿಗೆ ಕೊಡಬೇಕು. ಬೆಳಗ್ಗಿನಿಂದ ಸಂಜೆಯವರೆಗೆ ಇದೇ.

ಗುಲಾಬಿಯಕ್ಕ ಹತ್ತೊಂಬತ್ತು ವರ್ಷ ಹಾವು ಬಿಡಿಸಿದವರು. ನಾನು ಸೇರುವಾಗಲೇ ಅವರ ಬಲಭುಜ ಹೋಗಿತ್ತು. ಬೆಳಗ್ಗೆ ಕೂದಲು ಬಿಟ್ಟುಕೊಂಡೇ ಬರುತ್ತಿದ್ದರು, ಜೊತೆಯ ಹೆಂಗಸು ಬಾತ್‌ರೂಮಿನಲ್ಲಿ ತುರುಬು ಕಟ್ಟಿಕೊಡುತ್ತಿದ್ದಳು. ಕೈ ಹಿಂದಕ್ಕೆ ಹೋಗುವುದಿಲ್ಲ. ರಿಟೈರ್ ಆಗಲು ಎರಡು ವರ್ಷ ಬಾಕಿ. ಭುಜದ ವಿಷಯ ಬಾಯಿ ಬಿಟ್ಟರೆ ಆಸ್ಪತ್ರೆಯವರೇ ಅನ್‌ಫಿಟ್ ಎಂದು ಬರೆದು ಕಳಿಸುತ್ತಾರೆ. ಮೇಲಿನ ಮಾಳಿಗೆಯಲ್ಲಿ ಎಲುಬಿನ ಡಾಕ್ಟರು ನಾಲ್ಕು ಜನ. ಕೆಳಗೆ ಇವರು ಅಂಗಡಿಯ ಮುಲಾಮು ಹಚ್ಚಿಕೊಂಡು ಬರುತ್ತಿದ್ದರು.

"ಮೇಲೆ ಹೋಗಿ ಒಮ್ಮೆ ತೋರಿಸಿ ಅಕ್ಕ" ಎಂದೆ.

"ತೋರಿಸಿದ್ರೆ ನನ್ನ ಭುಜ ಸರಿಯಾಗ್ತದೆ, ಕೆಲಸ ಸರಿಯಾಗ್ಲಿಕ್ಕಿಲ್ಲ. ಎರಡು ವರ್ಷ ಅಲ್ವಾ, ನೂಕ್ತೇನೆ."

ಜೂನ್ ಬಂತು. ಬೋಟುಗಳಿಗೆ ಎರಡು ತಿಂಗಳು ರಜೆ. ಅಪ್ಪ ಜಗಲಿಯಲ್ಲಿ ಕೂತು ಹರಿದ ಬಲೆಗಳನ್ನು ರಿಪೇರಿ ಮಾಡುತ್ತಿದ್ದರು. ಒಂದು ಆದಿತ್ಯವಾರ ಸುಮ್ಮನೆ ನೋಡುತ್ತಿದ್ದೆ. ಅಷ್ಟುದ್ದದ ಬಲೆಯನ್ನು ಅವರು ಆಚೆ ಈಚೆ ಮಡಿಸುತ್ತಾ ಬುಟ್ಟಿಗೆ ಇಳಿಸುತ್ತಿದ್ದರು. ಮತ್ತೆ ಒಂದು ತುದಿ ಹಿಡಿದು ಎಳೆದರೆ ನೀರು ಸುರಿದ ಹಾಗೆ ಬಂತು. ಒಂದು ಗಂಟಿಲ್ಲ.

"ಇದು ಸಿಕ್ಕು ಆಗುವುದಿಲ್ವಾ ಅಪ್ಪ?"

"ಹಾಕುವಾಗ ಸರಿ ಹಾಕಿದ್ರೆ ಎಂತಕ್ಕೆ ಸಿಕ್ಕು ಆಗ್ತದೆ. ನಿನ್ನ ಅಜ್ಜ ನನಗೆ ಇದಕ್ಕೇ ಪೆಟ್ಟು ಕೊಟ್ಟದ್ದು."

ಅಷ್ಟೇ. ಅಲ್ಲಿಂದ ಬಂದ ಐಡಿಯಾ. ಹಳೆಯ ಟ್ರಾಲ್ ಬಲೆಯ ತುಂಡಿನಿಂದ ಅಪ್ಪನ ಕೈಯಲ್ಲೇ ಚೀಲ ಹೊಲಿಸಿದೆ. ಶೀಟುಗಳನ್ನು ಬಲೆಯ ಹಾಗೆ ಆಚೆ ಈಚೆ ಮಡಿಸಿ ಅದರಲ್ಲಿ ತುಂಬಿ, ಬಾಯಿಗೆ ಅಪ್ಪ ಹಾಕುವ ಜಾರುಗಂಟು ಹಾಕಿ, ಚೀಲ ಸಮೇತ ಮೆಷಿನ್ನಿಗೆ ಬಿಟ್ಟೆ. ಒಂದು ಸಲ ಚೀಲ ಬಿಚ್ಚಿಕೊಂಡಿತು. ಇನ್ನೊಂದು ಸಲ ತುಂಬಿದ್ದು ಜಾಸ್ತಿಯಾಗಿ ನಡುವಿನ ಬಟ್ಟೆಯ ಕೊಳೆ ಹೋಗಲಿಲ್ಲ. ಆಮೇಲೆ ಚೀಲ ಸಣ್ಣ ಮಾಡಿ ನಾಲ್ಕು ಹೊಲಿಸಿದೆ. ಕೊಳೆ ಹೋಯಿತು. ಗಂಟು ಎಳೆದರೆ ಶೀಟು ಒಂದರ ಹಿಂದೆ ಒಂದು ಬಂತು, ಬಟ್ಟೆಯಂಗಡಿಯವ ಸೀರೆ ಬಿಚ್ಚಿದ ಹಾಗೆ. ಹಾವು ಇಲ್ಲ. ಜಗ್ಗುವುದಿಲ್ಲ, ಜಾಡಿಸುವುದಿಲ್ಲ. ಮೇಜಿನ ಎತ್ತರದಲ್ಲಿ ಎಳೆದು ರೋಲರಿಗೆ ಕೊಟ್ಟರೆ ಮುಗಿಯಿತು.

ಗುಲಾಬಿಯಕ್ಕ ಇನ್ನೊಂದು ಶೀಟು ತಾವೇ ಎಳೆದು ನೋಡಿದರು.

"ಹತ್ತೊಂಬತ್ತು ವರ್ಷ ಎಲ್ಲಿಗೆ ಹೋಗಿದ್ದೆ ಮಾರಾಯ ನೀನು?"

"ಹುಟ್ಟಿ ಶಾಲೆಗೆ ಹೋಗಿ ಫೇಲಾಗ್ಲಿಕ್ಕೆ ಟೈಮ್ ಬೇಡ್ವಾ ಅಕ್ಕ."

ಎರಡು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವರು ತುರುಬು ಕಟ್ಟಿಕೊಂಡೇ ಬಂದರು. ಓರೆಯಾಗಿತ್ತು, ಒಂದು ಕಡೆ ಕೂದಲು ಜೋತಾಡುತ್ತಿತ್ತು. ನನ್ನೆದುರು ಬಂದು ತಿರುಗಿ ನಿಂತರು.

"ನೋಡು. ಇವತ್ತು ನಾನೇ ಕಟ್ಟಿದ್ದು."

ನನ್ನ ಜೀವನದಲ್ಲಿ ಯಾವ ಮೇಷ್ಟ್ರೂ ನನಗೆ ಒಂದು ಗುಡ್ ಬರೆದದ್ದಿಲ್ಲ. ಅವತ್ತು ಆ ಓರೆ ತುರುಬು ನೋಡಿ ಅದು ಸಿಕ್ಕಿದ ಹಾಗಾಯಿತು.

ಅದೇ ಮಧ್ಯಾಹ್ನ ವಸಂತಣ್ಣ ನನ್ನನ್ನು ಬಾಯ್ಲರ್ ರೂಮಿಗೆ ಕರೆದರು. ಬಾಯ್ಲರ್ ಅವರದ್ದೇ ಡ್ಯೂಟಿ, ಯೂನಿಯನ್ ಸೆಕ್ರೆಟರಿಯೂ ಅವರೇ. ಮನೆ ಬಿಜೈಯಲ್ಲಿ. ಲಂಚ ತಿನ್ನುವ ಜನ ಅಲ್ಲ, ಕುಡಿಯುವುದಿಲ್ಲ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು. ಇದನ್ನು ಹೇಳಲೇಬೇಕು. ಅವರು ಕೆಟ್ಟವರಾಗಿದ್ದರೆ ನನಗೆ ಈಗ ಇಷ್ಟು ಕಷ್ಟ ಇರಲಿಲ್ಲ.

"ಚೀಲ ನಿನ್ನದಾ?"

"ಹೌದು."

"ಒಳ್ಳೆದುಂಟು. ಅಡಗಿಸು."

ನನಗೆ ಅರ್ಥವಾಗಲಿಲ್ಲ. ಅವರು ಮೇಲಿನ ಶೆಲ್ಫಿನಿಂದ ಒಂದು ಸ್ಟೀಲ್ ಫ್ಲಾಸ್ಕು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ.

"ನಾವು ಬಟ್ಟೆ ತರುವ ನಾಲ್ಕು ಚಕ್ರದ ಟ್ರಾಲಿ ಉಂಟಲ್ಲ, ಅದು ಮಾಡಿದ್ದು ಯಾರು ಗೊತ್ತುಂಟಾ? ನಾನು. ಮುಂಚೆ ತಲೆಯಲ್ಲಿ ಹೊರಬೇಕಿತ್ತು. ಆನುವಲ್ ಡೇಗೆ ಸ್ಟೇಜಿಗೆ ಕರೆದು ಈ ಫ್ಲಾಸ್ಕ್ ಕೊಟ್ರು, ಫೋಟೋ ತೆಗೆದ್ರು. ಮುಂದಿನ ತಿಂಗಳು ಹೊರುವ ಇಬ್ಬರು ಹೆಂಗಸರನ್ನು ತೆಗೆದ್ರು. ಟ್ರಾಲಿ ಇರುವಾಗ ಅವರು ಎಂತಕ್ಕೆ ಅಂತ. ಅದರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು. ಅಕ್ಕ ಇವತ್ತಿನವರೆಗೆ ನನ್ನ ಹತ್ರ ಮಾತಾಡುವುದಿಲ್ಲ."

ಅವರು ಫ್ಲಾಸ್ಕನ್ನು ಮತ್ತೆ ಶೆಲ್ಫಿನಲ್ಲಿ ಇಟ್ಟರು.

"ಆಗಸ್ಟಿನಲ್ಲಿ ಮೂರು ವರ್ಷದ ಅಗ್ರಿಮೆಂಟ್. ಸಂಬಳ, ಒಬ್ಬರು ಎಷ್ಟು ಶೀಟು ಮಾಡ್ಬೇಕು, ಎಷ್ಟು ಜನ ಬೇಕು, ಎಲ್ಲ ಆಗ ಫಿಕ್ಸ್. ಅದಕ್ಕೆ ಮೊದಲು ನಮ್ಮ ಕೆಲಸದ ಅಳತೆಗೆ ಜನ ಬರ್ತಾರೆ. ನಿನ್ನ ಚೀಲ ಕಂಡ್ರೆ ಹಾವಿಗೆ ಇಬ್ಬರು ಬೇಡ, ಒಬ್ಬರು ಸಾಕು ಅಂತಾರೆ. ಮೊದಲು ಹೋಗುವುದು ಯಾರು? ಭುಜ ಇಲ್ಲದವರು. ಅಗ್ರಿಮೆಂಟ್ ಆಗ್ಲಿ, ಮರುದಿನ ತೆಗಿ. ಯಾರೂ ಬೇಡ ಅನ್ನುವುದಿಲ್ಲ."

ಮಾತು ಸರಿ ಇತ್ತು. ನನಗೆ ಈಗಲೂ ಅದರಲ್ಲಿ ತಪ್ಪು ಹುಡುಕಲಾಗುವುದಿಲ್ಲ.

ಹಾಗೆ ಆ ಮಳೆಗಾಲ ನಾವು ಕಳ್ಳರಾದೆವು. ಕದ್ದದ್ದು ಏನೂ ಇಲ್ಲ. ಸೂಪರ್‌ವೈಸರ್ ಲ್ಯಾನ್ಸಿ ಸರ್ ಆಫೀಸಿಗೆ ಹೋದಾಗ ಚೀಲ ಹೊರಗೆ, ಬಂದಾಗ ಸೋಡಾ ಪೌಡರಿನ ಖಾಲಿ ಡ್ರಮ್ಮಿನ ಒಳಗೆ. ಬಾಗಿಲಲ್ಲಿ ಒಬ್ಬಳು ಕಾವಲು. ಅವಳು ಕೆಮ್ಮಿದರೆ ಎಲ್ಲರೂ ಹಾವಿನ ಎದುರು ನಿಂತು ಜಗ್ಗುವ ನಾಟಕ. ಸುಲಭದ ಕೆಲಸ ಬೇಗ ಮುಗಿದರೆ ಸಂಶಯ ಬರುತ್ತದೆಂದು, ಮಾಡಿದ ಶೀಟನ್ನು ಅಡಗಿಸಿ ಸಂಜೆ ಹೊರಗೆ ತೆಗೆಯುತ್ತಿದ್ದೆವು. ಕೆಲಸ ಮಾಡಿದ್ದನ್ನು ಅಡಗಿಸುವ ಜನ ನಾವು. ಹೊರಗೆ ಮಳೆ ನಿಲ್ಲುತ್ತಿರಲಿಲ್ಲ. ಗೋಡೆಯೆಲ್ಲ ಬೂಸ್ಟು. ಲ್ಯಾನ್ಸಿ ಸರ್‌ಗೆ ಎಲ್ಲ ಗೊತ್ತಿತ್ತು ಎಂದು ಆಮೇಲೆ ಅವರ ಬಾಯಿಂದಲೇ ತಿಳಿಯಿತು. "ನಾನು ನೋಡಿದ್ದೇನೆ ಮಾರಾಯ. ಹೇಳಿದ್ರೆ ಮೇಲಿನವರು ನನ್ನ ತಲೆಗೆ ಹೊಸ ಟಾರ್ಗೆಟ್ ಕಟ್ತಾರೆ. ನನಗೆಂತಕ್ಕೆ ಪೊಕ್ಕಡೆ ಇಲ್ಲದ ತಲೆಬಿಸಿ." ಅವರೂ ಅಡಗಿಸುತ್ತಿದ್ದರು. ನಾವು ಅವರಿಂದ, ಅವರು ಮೇಲಿನವರಿಂದ.

ಜುಲೈ ಕೊನೆಗೆ ಅಳತೆಯವರು ಬಂದರು. ಒಬ್ಬರೇ. ಮೈಸೂರಿನ ಕಡೆಯವರು, ಕನ್ನಡಕ, ಕುತ್ತಿಗೆಯಲ್ಲಿ ಸ್ಟಾಪ್‌ವಾಚ್. ಮೂರು ದಿನ ನೋಡುತ್ತಾರಂತೆ. ಹಿಂದಿನ ಸಂಜೆ ವಸಂತಣ್ಣ ಎಲ್ಲರನ್ನೂ ನಿಲ್ಲಿಸಿ ಹೇಳಿದರು.

"ಯಾರೂ ಓಡ್ಲಿಕ್ಕಿಲ್ಲ. ನೀರು ಕುಡಿಯುವವರು ಕುಡಿಯಿರಿ, ಬಾತ್‌ರೂಮಿಗೆ ಹೋಗುವವರು ಹೋಗಿ. ಚೀಲ ಮೂರು ದಿನ ಡ್ರಮ್ಮಿನಿಂದ ಹೊರಗೆ ಬರ್ಲಿಕ್ಕಿಲ್ಲ."

"ಗುಲಾಬಿಯಕ್ಕನನ್ನು ಮಡಿಸುವ ಮೇಜಿಗೆ ಹಾಕುವ" ಎಂದೆ.

"ಲಿಸ್ಟಿನಲ್ಲಿ ಅವರ ಹೆಸರು ಹಾವಿಗೆ ಉಂಟು. ಬದಲು ಮಾಡಿದ್ರೆ ಯಾಕೆ ಅಂತ ಕೇಳ್ತಾರೆ. ಎಂತ ಹೇಳುವುದು?"

ಗುಲಾಬಿಯಕ್ಕನೇ ಮಧ್ಯೆ ಬಾಯಿ ಹಾಕಿದರು. "ಮೂರು ದಿನ ಅಲ್ವಾ. ಆಗ್ತದೆ. ನೀನು ಸುಮ್ಮನಿರು."

ಮೊದಲ ದಿನ ಆಯಿತು. ಎರಡನೇ ದಿನ ಮಧ್ಯಾಹ್ನದ ಮೇಲೆ ಅವರು ಎಡಗೈಯಲ್ಲಿ ಜಗ್ಗುತ್ತಿದ್ದರು, ಬಲಗೈ ಸುಮ್ಮನೆ ಜೊತೆಗಿತ್ತು. ಮೂರನೇ ದಿನ ಬೆಳಗ್ಗೆ ಕೂದಲು ಬಿಟ್ಟುಕೊಂಡು ಬಂದರು.

ಹನ್ನೊಂದು ಗಂಟೆ ಹೊತ್ತಿಗೆ ಅಳತೆಯವರು ಸ್ಟಾಪ್‌ವಾಚ್ ನಿಲ್ಲಿಸಿದರು. ಗುಲಾಬಿಯಕ್ಕನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು. ನಾನು ಸೋಡಾ ಡ್ರಮ್ಮಿಗೆ ಒರಗಿ ನಿಂತಿದ್ದೆ.

"ಅವರಿಗೆ ತುಂಬಾ ನೋವಾಗ್ತಿದೆ ಅನ್ಸುತ್ತೆ ಕಣಪ್ಪಾ. ಈ ಬಟ್ಟೆ ಹೀಗೆ ಹೊಸೆದುಕೊಳ್ಳದ ಹಾಗೆ ಮಾಡೋಕೆ ಬೇರೆ ದಾರಿ ಏನೂ ಇಲ್ವಾ? ದಿನಾ ಮಾಡೋರು ನೀವು. ನಿಮಗೆ ಗೊತ್ತಿರುತ್ತೆ."

ಮೋಸದ ಪ್ರಶ್ನೆ ಅಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಿಜವಾಗಿ ಕೇಳುತ್ತಿದ್ದರು. ಚೀಲ ನನ್ನ ಬೆನ್ನಿನ ಹಿಂದೆ ಇತ್ತು, ನಡುವೆ ಒಂದು ತಗಡು ಮಾತ್ರ. ಬಾಯ್ಲರ್ ಬಾಗಿಲಲ್ಲಿ ವಸಂತಣ್ಣ ನಿಂತು ನೋಡುತ್ತಿದ್ದರು. ಉಳಿದವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಗುಲಾಬಿಯಕ್ಕ ಮಾತ್ರ ನೋಡಲಿಲ್ಲ.

ಸಂಬಳ ಜಾಸ್ತಿಯಾದರೆ ಹೊಸ ಫೋನ್ ತೆಗೆದುಕೊಳ್ಳಬೇಕೆಂದು ನಾನು ಮಾಡೆಲ್ ನೋಡಿ ಇಟ್ಟಿದ್ದೆ. ಅದೂ ಆಗ ತಲೆಯಲ್ಲಿ ಬಂತು. ಸುಳ್ಳು ಹೇಳಿ ಪ್ರಯೋಜನ ಇಲ್ಲ, ಬಂತು.

"ಇಲ್ಲ ಸರ್. ಹೀಗೆಯೇ."

ಅವರು ತಲೆಯಾಡಿಸಿ ಹಿಂದೆ ಹೋದರು. ವಾಚ್ ಒತ್ತಿದರು. ಗುಲಾಬಿಯಕ್ಕ ಮುಂದಿನ ಹಾವು ಹಿಡಿದರು. ಎರಡು ಸಲ ಜಗ್ಗಿದರು. ಮೂರನೇ ಸಲ ಒಂದು ಶಬ್ದ ಬಂತು, ಹಸಿ ಕೋಲು ಮುರಿದ ಹಾಗೆ ಸಣ್ಣದು. ಅವರು ಕೂಗಲಿಲ್ಲ. ಕೈ ಕೆಳಗೆ ಇಳಿಯಿತು, ಮತ್ತೆ ಮೇಲೆ ಹೋಗಲಿಲ್ಲ. ಎಡಗೈಯಲ್ಲೇ ಶೀಟು ಎಳೆದು, ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೇಜಿಗೆ ಹಾಕಿದರು. ಅಳತೆ ಮುಗಿಯುವವರೆಗೆ ಹಾಗೆಯೇ ಮಾಡಿದರು. ಅಳತೆಯವರು ಬರೆದುಕೊಂಡರು. ನಿಧಾನ ಎಂದರೆ ಅಷ್ಟು ನಿಧಾನದ ಲೆಕ್ಕ ನಮಗೆ ಸಿಕ್ಕಿತು, ಇನ್ನು ಒಬ್ಬರು ಮಾಡಬೇಕಾದ ಶೀಟು ಕಡಿಮೆ. ಸಂಜೆ ವಸಂತಣ್ಣ ನನ್ನ ಬೆನ್ನು ತಟ್ಟಿದರು.

ಆಗಸ್ಟ್ ಮಧ್ಯದಲ್ಲಿ ಅಗ್ರಿಮೆಂಟ್ ಸೈನ್ ಆಯಿತು. ಮಳೆ ಸ್ವಲ್ಪ ಬಿಟ್ಟಿತ್ತು. ಲಾಂಡ್ರಿಯ ಎದುರು ಎಲ್ಲರೂ ಸೇರಿದೆವು. ವಸಂತಣ್ಣ ಸ್ಟೂಲಿನ ಮೇಲೆ ನಿಂತು ಕಾಗದ ಓದಿದರು. ಸಂಬಳ ನಾವು ಎಣಿಸಿದ್ದಕ್ಕಿಂತ ಒಳ್ಳೆಯದಾಗಿತ್ತು. ಚಪ್ಪಾಳೆ. ಮೂರು ವರ್ಷ ಒಬ್ಬರನ್ನೂ ತೆಗೆಯುವಂತಿಲ್ಲ. ಇನ್ನೂ ದೊಡ್ಡ ಚಪ್ಪಾಳೆ. ಆಮೇಲೆ ಅವರು ಸ್ವರ ಎತ್ತಿ ಓದಿದರು, ತಾನೇ ಕೇಳಿ ಹಾಕಿಸಿದ ಕಲಂ ಅಂತೆ. "ಅಳತೆಯ ದಿನಗಳಲ್ಲಿ ಕಂಡ ಕೆಲಸದ ಕ್ರಮವೇ ಕ್ರಮ. ಒಪ್ಪಂದದ ಅವಧಿ ಮುಗಿಯುವ ತನಕ ಸದರಿ ಕ್ರಮದಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ."

"ಅಂದ್ರೆ ಹೊಸ ಮೆಷಿನ್ ತಂದು ಇಷ್ಟೇ ಜನ ಸಾಕು ಅಂತ ಹೇಳುವ ಹಾಗಿಲ್ಲ. ಬೀಗ ಹಾಕಿದ್ದೇವೆ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಕೆಂಪಾಗುವಷ್ಟು.

ಲಡ್ಡು ಹಂಚಿದರು. ವಸಂತಣ್ಣನೇ ಕೊಡುತ್ತಾ ಬಂದರು. ಗುಲಾಬಿಯಕ್ಕ ಎಡಗೈ ಚಾಚಿದರು.

"ಬಲಗೈ ಕೊಡಿ ಅಕ್ಕ. ಒಳ್ಳೆ ದಿನ."

ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿದರು, ಬೇರೆ ಯಾರದ್ದೋ ಕೈ ಎತ್ತಿದ ಹಾಗೆ. ವಸಂತಣ್ಣ ಅದರ ಮೇಲೆ ಲಡ್ಡು ಇಟ್ಟರು. ಆಗ ಗುಲಾಬಿಯಕ್ಕ ಕೇಳಿದರು, ಮೆಲ್ಲ.

"ಅದು ಓದಿದ್ರಲ್ಲ, ಬದಲು ಮಾಡ್ಲಿಕ್ಕಿಲ್ಲ ಅಂತ. ಆಗ ಯತೀಶನ ಚೀಲ?"

ಯಾರಿಗೂ ಅದು ತಲೆಗೆ ಹೋಗಿರಲಿಲ್ಲ. ನನಗೂ. ವಸಂತಣ್ಣನಿಗೂ ಇಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಅವರ ಮುಖ ನೋಡಿದೆ. ಲಡ್ಡಿನ ಪೆಟ್ಟಿಗೆ ಹಿಡಿದುಕೊಂಡು ಹಾಗೆಯೇ ನಿಂತರು.

ಮರುದಿನ ಬೆಳಗ್ಗೆ ನಾನು ಡ್ರಮ್ಮಿನಿಂದ ಚೀಲ ತೆಗೆದೆ. ಯಾರಿಂದಲೂ ಅಡಗಿಸಲಿಲ್ಲ. ಮೊದಲ ಚೀಲ ತುಂಬುವ ಮೊದಲೇ ಬಂದದ್ದು ಮೇಲಿನವರಲ್ಲ, ನಮ್ಮವರು. ಕೆಮ್ಮಿ ಕಾವಲು ಕಾಯುತ್ತಿದ್ದವಳೇ ಮೊದಲು ಕೈ ಹಿಡಿದಳು.

"ನಿನಗೆ ಮಂಡೆ ಸರಿ ಉಂಟಾ? ಅಗ್ರಿಮೆಂಟ್ ಮುರಿದದ್ದು ನಾವೇ ಅಂತ ಆಗ್ತದೆ. ನನಗೆ ಬಂದ ಸಂಬಳ ನಿನ್ನಿಂದ ಹೋಗ್ಲಿಕ್ಕೆ ಬಿಡುವುದಿಲ್ಲ."

ವಸಂತಣ್ಣ ಬಂದರು.

"ಮರುದಿನ ತೆಗಿ ಅಂದದ್ದು ನೀವು" ಎಂದೆ.

"ಹೌದು. ನಾನೇ."

"ಹಾಗಾದ್ರೆ?"

"ಆ ಕಲಂ ಕೇಳಿದ ಕೂಡಲೇ ಕೊಟ್ರು. ಬೇರೆ ಎಲ್ಲದಕ್ಕೂ ವಾರಗಟ್ಟಲೆ ಎಳೆದವರು ಇದಕ್ಕೆ ಒಂದು ಮಾತಾಡಲಿಲ್ಲ. ಗೆದ್ದೆ ಅಂತ ಎಣಿಸಿದೆ." ಅವರು ನನ್ನ ಮುಖ ನೋಡಲಿಲ್ಲ. "ಹಾವು ಬಿಡಿಸ್ಲಿಕ್ಕೆ ಜನ ಇದ್ದಾರಲ್ಲ, ಮೇಲಿನವರಿಗೆಂತ. ಭುಜ ಅವರದ್ದಲ್ಲ."

"ನಿಮ್ಮದೂ ಅಲ್ಲ."

ಅವರು ಚೀಲಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಮನೆಗೆ ತಗೊಂಡು ಹೋಗು. ಇಲ್ಲಿ ಇದ್ರೆ ಯಾರಾದ್ರೂ ನೋಡ್ತಾರೆ."

ನಾನು ಹೊಡೆಯಲಿಲ್ಲ, ಬೈಯಲಿಲ್ಲ. ತೆಗೆದುಕೊಂಡು ಹೋದೆ. ಮುಂದಿನ ತಿಂಗಳು ಹೊಸ ಸಂಬಳ ಬಂತು, ಫೋನ್ ತೆಗೆದುಕೊಂಡೆ. ಗುಲಾಬಿಯಕ್ಕನನ್ನು ಚೌತಿ ಕಳೆದ ಮೇಲೆ ಮೇಲಿನ ಮಾಳಿಗೆಗೆ ಕರೆಸಿದರು. ಅನ್‌ಫಿಟ್. ಅಗ್ರಿಮೆಂಟಿನಲ್ಲಿ ತೆಗೆಯುವಂತಿಲ್ಲ ಎಂದಿತ್ತು. ಆದರೆ ಅನ್‌ಫಿಟ್ ಆದವರನ್ನು ತೆಗೆದದ್ದು ತೆಗೆದ ಲೆಕ್ಕ ಅಲ್ಲವಂತೆ. ವಸಂತಣ್ಣ ಆಫೀಸಿಗೆ ನಾಲ್ಕು ಸಲ ಹತ್ತಿ ಇಳಿದರು, ಜಗಳ ಮಾಡಿದರು. ಏನೂ ಆಗಲಿಲ್ಲ. ಗುಲಾಬಿಯಕ್ಕನ ಜಾಗಕ್ಕೆ ಹೊಸ ಹುಡುಗಿ ಬಂದಳು. ಹಾವು ಬಿಡಿಸಲು ಇಬ್ಬರು ಬೇಕಲ್ಲ. ಕಲಂ ಉಂಟಲ್ಲ.

ದೀಪಾವಳಿಗೆ ಮೊದಲು ನಾನು ಬಿಟ್ಟೆ. ಈಗ ಧಕ್ಕೆಯ ಹತ್ತಿರ ಐಸ್ ಪ್ಲಾಂಟಿನಲ್ಲಿದ್ದೇನೆ. ಅಲ್ಲಿ ಐಸಿನ ದಿಂಡು ಜಾರಿಸುವ ಹಲಗೆಯನ್ನು ಸ್ವಲ್ಪ ಓರೆ ಮಾಡಿದರೆ ಒಬ್ಬನ ಸೊಂಟ ಉಳಿಯುತ್ತದೆ ಎಂದು ನನಗೆ ಕಾಣುತ್ತದೆ. ಒಂದು ವರ್ಷದಿಂದ ಕಾಣುತ್ತಿದೆ. ಬಾಯಿ ಬಿಟ್ಟಿಲ್ಲ. ಮಾಲಿಕರ ಹತ್ತಿರವೂ ಇಲ್ಲ, ಜೊತೆಯವರ ಹತ್ತಿರವೂ ಇಲ್ಲ. ನನ್ನ ಬಗ್ಗೆ ನನಗೆ ಹೇಸಿಗೆ ಬರುವುದು ಇಲ್ಲಿ.

ಫಳ್ನೀರಿನ ಬೆಂಚಿನಲ್ಲಿ ಗುಲಾಬಿಯಕ್ಕ ನನ್ನ ಪಕ್ಕ ಕೂತರು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ನಾನು ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು. ಎಡಗೈಯಿಂದ ತಲೆ ಸವರಿದರು.

"ಸೆಕೆ ಮಾರಾಯ ಊರಲ್ಲಿ. ಕತ್ತರಿಸಿಬಿಟ್ಟೆ. ಈಗ ಹಾಯಾಗ್ತದೆ."

ಹೊರಗೆ ಮಳೆ ಸುರಿಯುತ್ತಿತ್ತು. ಎಂಥ ಸೆಕೆ.

"ಒಳ್ಳೆದು ಕಾಣ್ತದೆ ಅಕ್ಕ" ಎಂದೆ.

"ನಿನ್ನ ಚೀಲ ಉಂಟಾ ಇನ್ನೂ?"

"ಉಂಟು. ಅಮ್ಮ ನೀರುಳ್ಳಿ ತುಂಬಿಸಿ ಅಡುಗೆ ಕೋಣೆಯಲ್ಲಿ ನೇತು ಹಾಕಿದ್ದಾರೆ."

ಅವರು ನಕ್ಕರು, ಹಲ್ಲಿನ ಸಂದಿ ಕಂಡಿತು.

"ಒಳ್ಳೆದಾಯ್ತು. ಗಾಳಿ ಆಡ್ತದೆ, ಕೊಳೆಯುವುದಿಲ್ಲ."